ಸಾವಂತ್ರವ್ವನ ಪಾಸ್‌ವರ್ಡ್

ಕೋಥರೂಡ, ಪುಣೆ
೧೨ ಫೆಬ್ರವರಿ ೨೦೦೬, ರವಿವಾರ

ಪ್ರೀತಿಯ ಅಪ್ಪಿ,

ನಾನು ಆರಾಮ. ನೀನೂ ಆರಾಮ ಇದ್ದೀ ಎಂದು ನಂಬಿದ್ದೇನೆ. ಇಷ್ಟು ಬರೆದ ಮೇಲೆ ಮುಂದೇನು ಬರೆಯಬೇಕೆಂದು ತಿಳಿಯದೆ ಈ ಹಾಳೆಯನ್ನು ಎರಡು ದಿನ ಪುಸ್ತಕದ ಕೆಳಗೆ ಇಟ್ಟಿದ್ದೆ. ಧಾರವಾಡ ಬಿಟ್ಟು ಮೂರು ವರ್ಷವಾಯಿತು, ನಿನಗೆ ಒಂದು ಕಾರ್ಡು ಕೂಡ ಹಾಕಲಿಲ್ಲ. ವಿಳಾಸ ಇರಲಿಲ್ಲ ಎನ್ನಬಹುದು. ಆದರೆ ಹುಡುಕಿದ್ದರೆ ಸಿಗುತ್ತಿತ್ತು. ಕಳೆದ ವಾರ ಸ್ವಾರಗೇಟ್ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಎಂ.ಎ. ಕ್ಲಾಸಿನ ಶಿವರಾಜ ಸಿಕ್ಕ. ಅವನೇ ನಿನ್ನ ಬೈಲಹೊಂಗಲದ ವಿಳಾಸವನ್ನು ಬಸ್ ಟಿಕೆಟಿನ ಹಿಂದೆ ಬರೆದುಕೊಟ್ಟ. "ಒಂದ ಬೆಂಚಿನಾಗ ಕೂತವರು ನೀವು, ವಿಳಾಸ ನನ್ನ ಕಡೆ ಕೇಳತೀಯಲ್ಲ ರಂಜನಾ" ಎಂದು ನಕ್ಕ. ನೀನು ಬೈದರೂ ಚಿಂತೆಯಿಲ್ಲ, ಉತ್ತರ ಮಾತ್ರ ಬರೆ.

ನನ್ನ ಸುದ್ದಿ ಹೇಳುತ್ತೇನೆ. ಕೋಥರೂಡದಲ್ಲಿ ಕಾಕಾನ ಮನೆಯಲ್ಲಿದ್ದೇನೆ. ನೌಕರಿ ಸಿಕ್ಕು ಎಂಟು ತಿಂಗಳಾಯಿತು. ಯಾವ ನೌಕರಿ ಎಂದು ಹೇಳಿದರೆ ನೀನು ನಂಬುವುದಿಲ್ಲ: ನಾನು ಕಂಪ್ಯೂಟರಿನಲ್ಲಿ ಕನ್ನಡ ಕಲಿಸುತ್ತೇನೆ. ಒಂದು ಮಿಠಾಯಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಸಂಸ್ಥೆ. ಇಂಟರ್‌ನೆಟ್ ಮೂಲಕ ಬಿ.ಎ. ಮಾಡಿಸುತ್ತದೆ. ಪಾಠ ಪರದೆಯ ಮೇಲೆ, ಪ್ರಶ್ನೆ ಪರದೆಯ ಮೇಲೆ, ಉತ್ತರವನ್ನೂ ಅಲ್ಲೇ ಹಾಕಬೇಕು. ವರ್ಷದ ಕೊನೆಗೆ ಮಾತ್ರ ಒಂದು ಹಾಲಿನಲ್ಲಿ ಕೂತು ಪರೀಕ್ಷೆ ಬರೆಯಬೇಕು. ಪುಣೆ, ಸೋಲಾಪುರ, ಸಾಂಗಲಿಯ ಕನ್ನಡ ಮನೆತನದವರು ನಲವತ್ತೊಂದು ಜನ ಕನ್ನಡ ಸಾಹಿತ್ಯ ತೆಗೆದುಕೊಂಡಿದ್ದಾರೆ. ಅವರಿಗೆ ನಾನು ಮೆಂಟರ್. ಯಾರ ಮುಖವನ್ನೂ ನೋಡಿಲ್ಲ. ಎದ್ದು ನಿಂತು ಮಾತಾಡಬೇಕಾಗಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಈ ಕೆಲಸ ಹಿಡಿದೆ ಎಂದು ನಿನಗೆ ಬೇರೆ ಹೇಳಬೇಕೆ? ಸೆಮಿನಾರಿನ ದಿನ ನನ್ನ ಪ್ರಬಂಧವನ್ನು ನೀನೇ ಓದಿದ್ದೆಯಲ್ಲ, ನನಗೆ ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿ.

ನಮ್ಮ ಮುಖ್ಯಸ್ಥರು ಬಿಂದುಮಾಧವ ಸರ್, ವಿಜಾಪುರದವರು, ಮೂವತ್ತು ವರ್ಷದಿಂದ ಇಲ್ಲಿದ್ದಾರೆ. ಫೋನಿನಲ್ಲಿ ಮರಾಠಿ, ಕಾಗದದ ಮೇಲೆ ಇಂಗ್ಲಿಷ್, ಸಿಟ್ಟು ಬಂದರೆ ವಿಜಾಪುರ. ಮೊದಲ ದಿನವೇ, "ರಂಜನಾ, ನೀ ಹಿಂಗ ಪಿಸುಪಿಸು ಅಂದರ ಗಣಪತಿ ಕಿವಿಗೂ ಕೇಳಂಗಿಲ್ಲವಾ" ಎಂದರು. ಆದರೂ ಕೆಲಸ ಕೊಟ್ಟರು.

ನನ್ನ ಪರದೆಯ ಮೇಲೆ ಆ ನಲವತ್ತೊಂದು ಹೆಸರುಗಳ ಪಟ್ಟಿ ಇರುತ್ತದೆ. ಒಂದು ವಾರದೊಳಗೆ ಪಾಠ ತೆರೆದವರ ಹೆಸರು ಹಸಿರು. ಮೂರು ವಾರದೊಳಗಿನವರದು ಹಳದಿ. ಅದನ್ನು ದಾಟಿದರೆ ಕೆಂಪು. ನಲವತ್ತೈದು ದಿನ ಒಳಗೆ ಕಾಲಿಡದಿದ್ದರೆ ಹೆಸರು ತಾನಾಗಿಯೇ ಪಟ್ಟಿಯಿಂದ ಹೋಗುತ್ತದೆ. ಪುನಃ ಸೇರಬೇಕೆಂದರೆ ಮೊದಲ ವರ್ಷದಿಂದ ಶುರು ಮಾಡಬೇಕು. ಹೋದ ವರ್ಷ ನಲವತ್ತರಲ್ಲಿ ಪರೀಕ್ಷೆಯವರೆಗೆ ತಲುಪಿದವರು ಹನ್ನೆರಡೇ ಮಂದಿಯಂತೆ. "ಮನ್ಯಾಗ ಕೂತು ಕಲಿಯೋದು ಅಂದರ ಯಾರಿಗೂ ಶಿಸ್ತು ಇರಂಗಿಲ್ಲ" ಎಂದು ಸರ್ ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಹಳೆಯ ಪಟ್ಟಿಗಳನ್ನು ತೆಗೆದು ನೋಡಿದೆ. ಮೊದಲ ವಾರ ತಮ್ಮ ಬಗ್ಗೆ ಎರಡು ಸಾಲು ಬರೆದು, ಯಾರಿಂದಲೂ ಒಂದು ಮಾತು ಉತ್ತರ ಬಾರದೆ ಹೋದವರೇ ಹೆಚ್ಚಾಗಿ ಕೆಂಪಾಗಿದ್ದಾರೆ. ಖಾಲಿ ಮನೆಯ ಕದ ತಟ್ಟಿ ಎಷ್ಟು ಹೊತ್ತು ನಿಲ್ಲುತ್ತಾರೆ ಹೇಳು?

ಹಾಗಾಗಿ ಬಂದ ಪ್ರತಿ ಉತ್ತರಕ್ಕೂ ನಾನು ಮರು ಉತ್ತರ ಬರೆಯುತ್ತೇನೆ. ಅವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ, ಓದುವಷ್ಟರಲ್ಲಿ ಕಣ್ಣು ಕತ್ತಲಾಗುತ್ತದೆ. ಆದರೂ ಬರೆಯುತ್ತೇನೆ. ಬಾಯಿಂದ ಬಾರದ್ದು ಬೆರಳಿಂದ ಬರುತ್ತದೆ.

ಈಗ ನನ್ನನ್ನು ಕಾಡುತ್ತಿರುವುದು ಒಂದು ಕೆಂಪು ಹೆಸರು. ಸಾವಂತ್ರವ್ವ. ನಲವತ್ತಾರು ವರ್ಷದವರು, ಯೆರವಡಾದಲ್ಲಿ ಗಂಡನ ಹಿಟ್ಟಿನ ಗಿರಣಿ, ಇವರು ಅಲ್ಲಿನ ಒಂದು ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಬಾಲವಾಡಿಯ ಹಿರಿಯ ಶಿಕ್ಷಕಿ, ಇಲ್ಲಿಯವರ ಮಾತಿನಲ್ಲಿ ಹಿರಿಯ ಬಾಯಿ, ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರಂತೆ. ಆ ಜಾಗ ಇವರಿಗೆ ಸಿಗಬೇಕಾದರೆ ಪದವಿ ಬೇಕು. ಇದು ಕೊನೆಯ ವರ್ಷ. ಹತ್ತರಲ್ಲಿ ಹನ್ನೊಂದನೆಯವರು ಎನ್ನುವಂಥ ವಿದ್ಯಾರ್ಥಿನಿ ಅಲ್ಲ ಇವರು. ನನ್ನ ನಲವತ್ತೊಂದು ಜನರಲ್ಲಿ ಇವರೇ ಮೊದಲಿಗರು. ಒಂದು ವಚನದ ಬಗ್ಗೆ ಬರೆಯಿರಿ ಎಂದರೆ, ಅದರಲ್ಲಿ ಬರುವ ಬೀಸುವ ಕಲ್ಲಿನಲ್ಲಿ ಮೇಲಿನ ಕಲ್ಲು ಯಾವುದು, ಕೆಳಗಿನದು ಯಾವುದು ಎಂದು ಕೇಳಿ ನನ್ನನ್ನೇ ಯೋಚನೆಗೆ ಹಚ್ಚಿದವರು. ಅವರು ಕೊನೆಯ ಸಲ ಪಾಠ ತೆರೆದದ್ದು ಜನವರಿ ಹದಿನಾಲ್ಕಕ್ಕೆ. ಎರಡು ಪ್ರಬಂಧ ಬಾಕಿ. ಫೆಬ್ರವರಿ ಇಪ್ಪತ್ತೆಂಟಕ್ಕೆ ಹೆಸರು ಹೋಗುತ್ತದೆ. ಇಂದಿಗೆ ಉಳಿದದ್ದು ಹದಿನಾರು ದಿನ.

ಅವರ ಸಂಸ್ಥೆಯ ಖಾತೆಗೆ ಐದು ಮೇಲ್ ಬರೆದೆ. ಉತ್ತರವಿಲ್ಲ. ಒಂದು ದಿನ ಧೈರ್ಯ ಮಾಡಿ ಫೋನ್ ಹಚ್ಚಿದೆ. ಗಿರಣಿಯ ಸದ್ದಿನ ನಡುವೆ ಒಂದು ಗಂಡು ದನಿ ಮರಾಠಿಯಲ್ಲಿ "ಕೋಣ್?", ಯಾರು ಎಂದು ಗರ್ಜಿಸಿತು. ಇಟ್ಟುಬಿಟ್ಟೆ.

ಹೆಲ್ಪ್ ಡೆಸ್ಕಿನ ಸುರಭಿಯನ್ನು ಕೇಳಿದೆ. ಪಾಸ್‌ವರ್ಡ್ ಮರೆತವರು ಅವಳಿಗೆ ಫೋನ್ ಮಾಡಬೇಕು. ಸೇರುವಾಗ ಕೊಟ್ಟ ಒಂದು ಗುಟ್ಟಿನ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿದರೆ ಹೊಸ ಪಾಸ್‌ವರ್ಡ್ ಕೊಡುತ್ತಾಳೆ. ಅವಳು ತನ್ನ ನೋಂದಣಿ ವಹಿ ತೆಗೆದು ತೋರಿಸಿದಳು. ಸಾವಂತ್ರವ್ವನ ಹೆಸರಿನ ಮುಂದೆ ನಾಲ್ಕು ಸಲ ಒಂದೇ ಮಾತು: "ಫೋನ್ ಮಾಡಿದರು. ಪ್ರಶ್ನೆ: ಪತಿಯ ಹೆಸರು. ಉತ್ತರ ಗೊತ್ತಿಲ್ಲ. ಫೋನ್ ಇಟ್ಟರು." ಐದನೆಯ ಸಲ: "ಬೇರೆ ಯಾರೋ ಗಂಡಸು ಉತ್ತರ ಹೇಳಿದ. ಅನುಮಾನ. ಖಾತೆ ಬಂದ್."

"ನೋಡು," ಎಂದಳು ಸುರಭಿ ಮರಾಠಿಯಲ್ಲಿ, "ಗಂಡನ ಹೆಸರು ಗೊತ್ತಿಲ್ಲದ ಹೆಂಡತಿ ಇರುತ್ತಾಳಾ? ಯಾರೋ ಕಳ್ಳರು."

ನನಗೆ ಅದು ಕಳ್ಳರ ಕೆಲಸ ಅನಿಸಲಿಲ್ಲ. ಏನೆಂದು ತಿಳಿಯಲೂ ಇಲ್ಲ. ಮುಂದಿನ ರವಿವಾರ ಯೆರವಡಾಕ್ಕೆ ಹೋಗಿ ಬರುವೆನೆಂದುಕೊಂಡಿದ್ದೇನೆ. ನಾನು! ಗುರುತಿಲ್ಲದವರ ಮನೆಗೆ! ನಕ್ಕುಬಿಡು.

ನಿನ್ನ ಅವ್ವನಿಗೆ ನಮಸ್ಕಾರ.

ನಿನ್ನ
ರಂಜನಾ

ತಾ.ಕ.: ನೀನು ಈಗ ಏನು ಮಾಡುತ್ತಿದ್ದೀ ಎಂದು ಶಿವರಾಜನಿಗೂ ಸರಿಯಾಗಿ ಗೊತ್ತಿರಲಿಲ್ಲ. ನೀನೇ ಬರೆ.

*

ಕೋಥರೂಡ, ಪುಣೆ
೫ ಮಾರ್ಚ್ ೨೦೦೬, ರವಿವಾರ

ಪ್ರೀತಿಯ ಅಪ್ಪಿ,

ನಿನ್ನ ಕಾರ್ಡು ಬಂತು. ನಾಲ್ಕೇ ಸಾಲು ಬರೆದು, ಅದರಲ್ಲಿ ಎರಡು ಸಾಲು "ಆ ಹೆಂಗಸಿನ ಹೆಸರು ಉಳಿಯಿತೋ ಹೋಯಿತೋ ಬೇಗ ಬರೆ" ಎಂದಿದೆ. ಹೊಲಿಗೆ ಕ್ಲಾಸು ನಡೆಸುತ್ತಿದ್ದೀ ಎಂದು ಓದಿ ಖುಷಿಯಾಯಿತು. ಬೇಗ ಬರೆ ಎಂದವಳಿಗೆ ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಆದರೆ ಸುದ್ದಿ ದೊಡ್ಡದು, ಕೂತು ಓದು.

ಹತ್ತೊಂಬತ್ತನೇ ತಾರೀಖು ಎರಡು ಬಸ್ ಬದಲಿಸಿ ಯೆರವಡಾಕ್ಕೆ ಹೋದೆ. ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ, ಆ ಓಣಿಗೆಲ್ಲ ಬಿಸಿ ಹಿಟ್ಟಿನ ವಾಸನೆ. ಹೊರಗೆ ಡಬ್ಬಿ ಹಿಡಿದ ಹೆಂಗಸರ ಪಾಳಿ. ನಾನೂ ಪಾಳಿಯಲ್ಲಿ ನಿಂತೆ. ನನ್ನ ಸರದಿ ಬಂದಾಗ ಗಿರಣಿಯವರು, "ಡಬ್ಬಿ ಎಲ್ಲಿ ಬಾಯಿ?" ಎಂದರು. "ಡಬ್ಬಿ ಇಲ್ಲ, ನಾನು ಕಾಲೇಜಿನಿಂದ..." ಎಂದೆ. ಮನುಷ್ಯ ತಲೆಯಿಂದ ಕಾಲಿನವರೆಗೆ ಬೆಳ್ಳಗೆ ಹಿಟ್ಟಾಗಿದ್ದರು. ಗಿರಣಿಯನ್ನೇ ನಿಲ್ಲಿಸಿ, "ಏ ಇವಳ, ನಿನ್ನ ಕಂಪ್ಯೂಟರದವರು ಬಂದಾರ ನೋಡ!" ಎಂದು ಕೂಗಿದರು. ಫೋನಿನಲ್ಲಿ ಗರ್ಜಿಸಿದ ದನಿ ಅದೇ. ಹೆಸರು ಮಹಾಲಿಂಗಪ್ಪ. ಗರ್ಜನೆ ಗಿರಣಿಯ ಸದ್ದಿನಿಂದಾಗಿ ಬಂದ ಅಭ್ಯಾಸ, ಮನುಷ್ಯ ಬೆಣ್ಣೆ.

ಗಿರಣಿಯ ಹಿಂದೆಯೇ ಮನೆ. ಸಾವಂತ್ರವ್ವ ಸಣ್ಣಗೆ, ನೇರವಾಗಿ, ಕನ್ನಡಕ ಹಾಕಿಕೊಂಡು ಬಂದರು. ನನ್ನ ಹೆಸರು ಕೇಳಿದ್ದೇ, "ಅಯ್ಯ, ರಂಜನಾ ಮೇಡಂ ಅಂದರ ಇಷ್ಟ ಸಣ್ಣಾಕಿ ಏನ್ರೀ! ನಿಮ್ಮ ಉತ್ತರ ಓದಿ ನಾ ಐವತ್ತು ವರ್ಷದ ಬಾಯಿ ಅಂತ ತಿಳಿದಿದ್ದೆ" ಎಂದರು. ನಾನು ಅವರು ಕೊಟ್ಟ ಚಹಾ ಕುಡಿದೆ. ಆಮೇಲೆ ಕಪಾಟಿನಿಂದ ಎರಡು ವಹಿ ತಂದು ನನ್ನ ಮುಂದಿಟ್ಟರು. ಅಪ್ಪಿ, ಎರಡೂ ಪ್ರಬಂಧ ಬರೆದಿಟ್ಟಿದ್ದರು. ದುಂಡನೆಯ ಅಕ್ಷರ, ತಪ್ಪಾದಲ್ಲಿ ಒಂದೇ ಗೆರೆ. ಜನವರಿಯ ಪಾಠಗಳ ಪ್ರತಿಗಳನ್ನು ಅವರ ತಂಗಿಯ ಮಗಳು ಮೊದಲೇ ಮುದ್ರಿಸಿ ಕೊಟ್ಟಿದ್ದಳಂತೆ. ಪರದೆಯ ಮೇಲೆ ಕೆಂಪಾಗಿ ಕೂತ ಹೆಂಗಸು ಒಂದು ದಿನವೂ ಓದುವುದು ಬಿಟ್ಟಿರಲಿಲ್ಲ.

"ಬರದ ಇಟ್ಟೀನ್ರಿ. ಆದರ ಒಳಗ ಬಿಡವಲ್ದು ಅದು" ಎಂದರು.

"ಪಾಸ್‌ವರ್ಡ್ ಮರೆತಿರೇನ್ರಿ?"

"ಸಂಕ್ರಾಂತಿ ಗದ್ದಲದಾಗ ಮರತೆ. ಫೋನ್ ಹಚ್ಚಿದರ ಆ ಹುಡುಗಿ..." ಎಂದು ಗಿರಣಿಯ ಕಡೆ ಕಣ್ಣು ತೋರಿಸಿ ದನಿ ತಗ್ಗಿಸಿದರು. "ಇವರ ಹೆಸರು ಹೇಳು ಅಂತಾಳ್ರಿ."

ಆಗ ನನಗೆ ಹೊಳೆಯಿತು. ನಮ್ಮ ಅವ್ವನೂ ಅಪ್ಪನ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ನನ್ನನ್ನು ಮುಂದೆ ತಳ್ಳುತ್ತಿದ್ದಳು. ಅರ್ಜಿ ತುಂಬಿದವಳು ತಂಗಿಯ ಮಗಳು. ಗುಟ್ಟಿನ ಪ್ರಶ್ನೆ ಬೇಕೆಂದಾಗ ಮರೆಯದಂಥದ್ದು ಇರಲಿ ಎಂದು ಅದನ್ನೇ ಆರಿಸಿದ್ದಳು. ಮರೆಯುವುದಿಲ್ಲ ನಿಜ. ಹೇಳುವುದೂ ಇಲ್ಲ!

ಗಿರಣಿಯಲ್ಲಿ ಕೂತಿದ್ದ ಮಹಾಲಿಂಗಪ್ಪನವರು ತಡೆಯಲಾರದೆ ಬಂದರು. "ನಾನ ಫೋನ್ ಇಸಕೊಂಡು ಹೇಳಿದೆನ್ರಿ. ನನ್ನ ಹೆಸರು, ನಾನ ಹೇಳೇನಿ! ಆ ಹುಡುಗಿ, ನೀವು ಯಾರು ಅಂತಾಳ. ನಾನ ಆ ಹೆಸರಿನವ ಅಂದೆ. ಬಂದ್ ಮಾಡಿ ಕೂತಳು."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಸಾವಂತ್ರವ್ವ ನಗಲಿಲ್ಲ. "ನಗಬ್ಯಾಡ್ರಿ ಮೇಡಂ. ಮೂರು ವರ್ಷ ಬಾಲವಾಡಿ ಮುಗಿಸಿ, ರೊಟ್ಟಿ ಬಡದು, ಸೈಬರ್ ಕೆಫೆದಾಗ ಕಾಲೇಜ್ ಹುಡುಗರ ನಡುವ ಕೂತೀನಿ. ಈಗ ಒಂದು ಹೆಸರಿನ ಸಲುವಾಗಿ ಹೋಗತದಂದರ..." ಎಂದು ವಹಿಗಳನ್ನು ಮಡಿಲಿಗೆ ಎಳೆದುಕೊಂಡರು.

ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಹುಲಿಗೆವ್ವ ತಲೆ ಎತ್ತದೆ ಹೇಳಿದರು: "ನಾ ನನ್ನ ಗಂಡನ ಹೆಸರು ಮೂರು ಸಲ ಹೇಳೀನಿ. ಮದವ್ಯಾಗ, ಕುಬಸದಾಗ, ಇವನ ತೊಟ್ಟಲದಾಗ. ಮೂರೂ ಸಲ ಮಂದಿ ಕಾಡಿ ಹೇಳಿಸಿದರು. ಸುಮ್ಮಸುಮ್ಮನ ಯಾರರೆ ಹೇಳತಾರೇನ?"

ಸೋಮವಾರ ಬಿಂದುಮಾಧವ ಸರ್ ಎದುರು ಹೋಗಿ ಎಲ್ಲ ಹೇಳಿದೆ. ಮೊದಲ ಸಲ ಅವರು "ಜೋರಾಗಿ ಹೇಳವಾ" ಎನ್ನಲಿಲ್ಲ. ಕೇಳಿ ಮುಗಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮಾಕಿ ಮೂವತ್ತೊಂದು ವರ್ಷದಾಗ ನನ್ನನ್ನ 'ಕೇಳಿಸ್ತೇನು' ಅಂತನ ಕರೀತಾಳ. ನನ್ನ ಹೆಸರು ಕೇಳಿಸ್ತೇನು ಅಂತನ ಮೊಮ್ಮಗ ತಿಳಕೊಂಡಾನ." ತಕ್ಷಣ ಲಾಗಿನ್ ನೋಡಿಕೊಳ್ಳುವ ಕಂಪನಿಗೆ ಬರೆದರು. ಪ್ರಶ್ನೆ ಬದಲಿಸಬಹುದು, ಆದರೆ ನೋಟರಿಯ ಕಾಗದ ಬೇಕು, ಹದಿನೈದು ಕೆಲಸದ ದಿನ ಬೇಕು ಎಂದು ಉತ್ತರ ಬಂತು. ನಮ್ಮಲ್ಲಿದ್ದದ್ದು ಎಂಟು ದಿನ. ಉಳಿದದ್ದು ಒಂದೇ ದಾರಿ: ವಿದ್ಯಾರ್ಥಿನಿ ತಾನೇ ಫೋನಿನಲ್ಲಿ, ರೆಕಾರ್ಡ್ ಆಗುವಾಗ, ಉತ್ತರ ಹೇಳಬೇಕು. ಸರ್ ಸಹಿ ಮಾಡಿ ಖಾತೆಯ ಬೀಗವನ್ನಷ್ಟೇ ತೆಗೆಸಿದರು.

ಇಪ್ಪತ್ತೇಳಕ್ಕೆ ಅರ್ಧ ದಿನ ರಜೆ ಹಾಕಿ ಮತ್ತೆ ಯೆರವಡಾಕ್ಕೆ ಹೋದೆ. ಮಧ್ಯಾಹ್ನ ಎರಡು ಗಂಟೆ. ಗಿರಣಿ ನಿಲ್ಲಿಸಿದರು. ಹೆಂಡತಿಗೆ ನಾಚಿಕೆಯಾಗಬಾರದೆಂದು ಮಹಾಲಿಂಗಪ್ಪನವರು ಜೋಳದ ಚೀಲಗಳ ಹಿಂದೆ ಹೋಗಿ ಕೂತರು. ಆದರೆ ಅವರ ಹಿಟ್ಟಿನ ತಲೆ ಕಾಣುತ್ತಲೇ ಇತ್ತು. ಡಬ್ಬಿ ತಂದ ಐದಾರು ಹೆಂಗಸರು ಹೋಗಲು ಒಪ್ಪಲಿಲ್ಲ. ನಾನು ನಂಬರ್ ಹಚ್ಚಿ ಕೊಟ್ಟೆ. ಆ ಕಡೆಯಿಂದ ಸುರಭಿ, "ರೆಕಾರ್ಡಿಂಗ್ ಚಾಲೂ ಆಗಿದೆ. ಪತೀಚಂ ನಾವ್ ಸಾಂಗಾ", ಪತಿಯ ಹೆಸರು ಹೇಳಿ ಎಂದಳು. ಸಾವಂತ್ರವ್ವ ಸೆರಗು ತಲೆಯ ಮೇಲೆ ಎಳೆದುಕೊಂಡರು. ತುಟಿ ಅಲುಗಿತು. ದನಿ ಬರಲಿಲ್ಲ. ಫೋನನ್ನು ಹಲಗೆಯ ಮೇಲೆ ಮಲಗಿಸಿ, "ಆಗಂಗಿಲ್ರಿ ಮೇಡಂ. ಹೋಗಲಿ ಬಿಡ್ರಿ" ಎಂದು ಎದ್ದು ಒಳಗೆ ಹೊರಟರು.

ಅಪ್ಪಿ, ಮುಂದಿನದನ್ನು ನಾನೇ ಮಾಡಿದೆನೆಂದು ಈಗಲೂ ನಂಬಿಕೆಯಾಗುವುದಿಲ್ಲ. ಓಡಿಹೋಗಿ ಮನೆಯ ಹೊಸ್ತಿಲಲ್ಲಿ ನಿಂತು, ಎರಡೂ ಕೈ ಚಾಚಿ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಹೊಸ ಮದುಮಗಳನ್ನು ನಾದಿನಿಯರು ತಡೆಯುತ್ತಾರಲ್ಲ, ಹಾಗೆ. "ಹೆಸರು ಹೇಳ್ರಿ, ಆಮ್ಯಾಲೆ ಒಳಗ ಬರ್ರಿ!" ಎಂದು ಕೂಗಿದೆ. ಕೂಗಿದ್ದು ನನ್ನ ದನಿ! ಆಮೇಲೆ ಪಾಳಿಯಲ್ಲಿದ್ದ ಒಬ್ಬಾಕೆ ಡಬ್ಬಿ ಬಡಿದಳು. "ಒಡಪು ಹಾಕ ಸಾವಂತ್ರವ್ವಾ!" ಮರಾಠಿ ಹೆಂಗಸರು, "ನಾವ್ ಘ್ಯಾ, ನಾವ್ ಘ್ಯಾ!", ಹೆಸರು ಹೇಳಿ ಎಂದು ಶುರು ಮಾಡಿದರು. ಅವರಲ್ಲೂ ಗಂಡನ ಹೆಸರು ಪ್ರಾಸದಲ್ಲಿ ಹೇಳುವ ಪದ್ಧತಿಯಿದೆಯಲ್ಲ, ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಹುಲಿಗೆವ್ವ ಮೊರ ಕೆಳಗಿಟ್ಟು, "ಹೇಳವಾ. ಈಗ ಮಂದಿ ಕಾಡಾಕತ್ತಾರಲ್ಲ, ಇನ್ನ ಹೇಳಬಹುದು" ಎಂದರು.

ಸಾವಂತ್ರವ್ವ ನನ್ನನ್ನು ನೋಡಿದರು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗೆ. ಹಿಂದಿರುಗಿ ಫೋನು ಎತ್ತಿಕೊಂಡು, ಒಂದೇ ಉಸಿರಿಗೆ:

"ಗಿರಣ್ಯಾಗ ಜ್ವಾಳ ಸುರದರ ಬೆಳ್ಳಗ ಬೀಳತದ ಹಿಟ್ಟು,
ಮಹಾಲಿಂಗಪ್ಪನವರ ಹೆಸರ ಹೇಳತೀನಿ ಪುಸ್ತಕ ಮುಂದಿಟ್ಟು!"

ಗಿರಣಿ ತುಂಬ ಕೇಕೆ. ಚೀಲದ ಹಿಂದಿನಿಂದ ಮಹಾಲಿಂಗಪ್ಪನವರು, "ಮತ್ತೊಮ್ಮೆ ಹೇಳಂತ ಹೇಳ್ರಿ, ಇಪ್ಪತ್ತೆಂಟು ವರ್ಷ ಆತು ಕೇಳಿ!" ಎಂದರು. ಫೋನಿನಲ್ಲಿ ಸುರಭಿ ಚೀರುತ್ತಿದ್ದಳು, "ಅಗಂ, ಹಾ ತರ್ ಉಖಾಣಾ!" ನಮ್ಮ ಒಡಪಿಗೆ ಅವರಲ್ಲಿ ಆ ಹೆಸರು. ಕನ್ನಡ ಬಾರದಿದ್ದರೂ ಅವಳಿಗೆ ಹೆಸರು ಕೇಳಿಸಿತ್ತು. ಅವಳ ವಹಿಯಲ್ಲಿ ನಾನು ಮರುದಿನ ಓದಿದೆ: "ಉತ್ತರ ಸರಿ. ಪದ್ಯದಲ್ಲಿ ಹೇಳಿದರು."

ಅಂದು ಸಂಜೆಯೇ ತಂಗಿಯ ಮಗಳು ಎರಡೂ ಪ್ರಬಂಧಗಳನ್ನು ಟೈಪ್ ಮಾಡಿ ಹಾಕಿದಳು. ಇಪ್ಪತ್ತೆಂಟರ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಸಾವಂತ್ರವ್ವನ ಹೆಸರು ಹಸಿರು. ಸರ್ ಕೆಳಗಿನ ಅಂಗಡಿಯಿಂದ ಪೇಢೆ ತರಿಸಿದರು. ಪರೀಕ್ಷೆ ಇನ್ನೂ ಬಾಕಿ ಇದೆ, ಪಾಸಾದರೆ ತಾನೇ ಆ ಜಾಗ. ಆದರೆ ಪೇಢೆ ತಿಂದೆವು.

ನಿನ್ನ ಹುಡುಗಿಯರಿಗೆ ಈ ಒಡಪು ಹೇಳು. ಮದುವೆ ಗೊತ್ತಾದವರಿಗೆ ಉಪಯೋಗಕ್ಕೆ ಬಂದೀತು.

ನಿನ್ನ
ರಂಜನಾ

ತಾ.ಕ.: ಕೂಗಿದ್ದಕ್ಕೆ ಎರಡು ದಿನ ಗಂಟಲು ನೋವು. ಈ ಸಲ ಸುಳ್ಳಲ್ಲ.

*

ಕೋಥರೂಡ, ಪುಣೆ
೧೮ ಜೂನ್ ೨೦೦೬, ರವಿವಾರ

ಪ್ರೀತಿಯ ಅಪ್ಪಿ,

ಮತ್ತೆ ಮೂರು ತಿಂಗಳು ಸುಮ್ಮನಿದ್ದೆ. ಪರೀಕ್ಷೆ, ಉತ್ತರಪತ್ರಿಕೆ ಎಂದು ನೆಪ ಹೇಳಲು ಬರುತ್ತದೆ, ಹೇಳುವುದಿಲ್ಲ. ನಿನ್ನ ಎರಡು ಕಾರ್ಡು ನನ್ನ ಮೇಜಿನ ಗಾಜಿನ ಕೆಳಗಿವೆ. ಮಳೆ ಶುರುವಾಗಿದೆ, ಕಾಕಾನ ಸ್ಕೂಟರ್ ದಿನಾ ಬೆಳಿಗ್ಗೆ ಮುನಿಸಿಕೊಳ್ಳುತ್ತದೆ.

ನಿನಗೆ ಮೊದಲು ಬೇಕಾದ ಸುದ್ದಿ ಮೊದಲು. ಮೊನ್ನೆ ಫಲಿತಾಂಶ ಬಂತು. ಸಾವಂತ್ರವ್ವ ಬಿ.ಎ. ಪಾಸು, ಸೆಕೆಂಡ್ ಕ್ಲಾಸು, ಕನ್ನಡದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ. ಮಹಾಲಿಂಗಪ್ಪನವರು ಫೋನಿನಲ್ಲಿ ಗರ್ಜಿಸಿದರು, "ಮೇಡಂ, ಇಂದ ಓಣಿಗೆಲ್ಲ ಬೀಸೂದು ಪುಕಟ!" ನಾನು ಫೋನ್ ಇಡಲಿಲ್ಲ, ಅಷ್ಟೇ ಜೋರಾಗಿ, "ಅಭಿನಂದನೆ ಹೇಳ್ರಿ ಅವರಿಗೆ!" ಎಂದೆ. ಬಾಲವಾಡಿಯ ಹಿರಿಯ ಬಾಯಿಯ ಕುರ್ಚಿಯಲ್ಲಿ ನಾಳೆಯಿಂದ ಅವರು ಕೂರುತ್ತಾರೆ. "ಕುರ್ಚಿ ಭಾಳ ಎತ್ತರ ಅದ, ಕಾಲು ನೆಲಕ್ಕ ಹತ್ತಂಗಿಲ್ಲ. ಮಕ್ಕಳ ಜೋಡಿ ಕೆಳಗ ಕೂಡತೀನಿ" ಎನ್ನುತ್ತಾರೆ.

ಇನ್ನು ನನ್ನ ಉಳಿದ ನಲವತ್ತು ಮಂದಿಯ ಕಥೆ. ಆ ಗಿರಣಿಯ ದಿನದ ಮೇಲೆ ನನಗೊಂದು ಹುಚ್ಚು ಹತ್ತಿತು. ಚರ್ಚೆಯ ಪುಟದಲ್ಲಿ "ಪ್ರಾಸದ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ" ಎಂದು ನಾನು ಹಾಕಿದ ಪ್ರಶ್ನೆ ಎರಡು ತಿಂಗಳಿಂದ ಅನಾಥವಾಗಿ ಬಿದ್ದಿತ್ತು. ಅದನ್ನು ತೆಗೆದೆ. "ಗಂಡನ ಅಥವಾ ಹೆಂಡತಿಯ ಹೆಸರಿಟ್ಟು ಒಂದು ಒಡಪು ಕಟ್ಟಿ ಹಾಕಿ. ಗಂಡಸರಿಗೂ ರಿಯಾಯತಿ ಇಲ್ಲ" ಎಂದು ಬರೆದು, ಸಾವಂತ್ರವ್ವನ ಒಪ್ಪಿಗೆ ಪಡೆದು ಅವರ ಎರಡು ಸಾಲನ್ನು ಮೊದಲಿಗಿಟ್ಟೆ. ಮೂರು ದಿನ ಏನೂ ಇಲ್ಲ. ನಾಲ್ಕನೇ ದಿನ ತಳೇಗಾಂವದ ಕಾರಖಾನೆಯಲ್ಲಿ ಪಾಳಿ ಮಾಡುವ ಮಾಂತು ಎಂಬ ಹುಡುಗನಿಂದ ಬಂತು. ಇವನೂ ಕೆಂಪು ಹೆಸರಿನವನೇ.

"ತಳೇಗಾಂವ ಕಾರಖಾನ್ಯಾಗ ಮೂರು ಪಾಳಿ ಕೆಲಸ,
ಗಂಗಾನ ಹೆಸರ ಹೇಳತೀನಿ, ಮರೆತರ ಮನ್ಯಾಗ ವನವಾಸ!"

ಕೆಳಗೆ ಸಾಂಗಲಿಯ ಒಬ್ಬರು, "ಎರಡನೇ ಸಾಲು ಒಂದು ಕಾಲು ಉದ್ದ ಆಯಿತು, ಗಂಗಾನ ಕೈಯಿಂದ ಕತ್ತರಿಸಿ ತರ್ರಿ" ಎಂದು ಬರೆದರು. ಇನ್ನೊಬ್ಬರು ಇಲ್ಲ, ಎಳೆದು ಹೇಳಿದರೆ ಸರಿಹೋಗುತ್ತದೆ ಎಂದರು. ಗೊತ್ತೇ ಆಗದಂತೆ ನಲವತ್ತು ಜನ ಮಾತ್ರೆ ಎಣಿಸುತ್ತಿದ್ದರು! ಎಂ.ಎ.ದಲ್ಲಿ ನಮಗೆ ಛಂದಸ್ಸು ಎಷ್ಟು ಕಷ್ಟದಿಂದ ತಲೆಗೆ ಹೋಯಿತು ನೆನಪಿದೆಯಾ? ಇವರು ಜಗಳಾಡುತ್ತ ಕಲಿತರು. ಯಾರಾದರೂ ಎರಡು ದಿನ ಕಾಣದಿದ್ದರೆ ನಾನಲ್ಲ, ಅವರವರೇ ಕೇಳುತ್ತಿದ್ದರು: "ಸೋಲಾಪುರದ ಅಕ್ಕಾರು ಎಲ್ಲಿ? ಒಡಪಿನಾಗ ಸೋತು ಓಡಿ ಹೋದರೇನು?" ಅಕ್ಕಾರು ಸಂಜೆಗೆ ಹಾಜರು. ಪರೀಕ್ಷೆಯ ಹಾಲಿಗೆ ಮೂವತ್ತಮೂರು ಜನ ಬಂದರು. ಒಬ್ಬರನ್ನೊಬ್ಬರು ನೋಡಿರಲಿಲ್ಲ, ಒಡಪು ಹೇಳಿ ಗುರುತು ಹಿಡಿದರು. ಮೇಲ್ವಿಚಾರಕರು ಇದು ಪರೀಕ್ಷೆಯೋ ಮದುವೆಯೋ ಎಂದು ಗದರಿದರು. ಮೂವತ್ತು ಮಂದಿ ಪಾಸು.

ಬಿಂದುಮಾಧವ ಸರ್ ಈಗ "ಶಿಸ್ತು" ಎಂಬ ಮಾತು ತೆಗೆಯುವುದಿಲ್ಲ. ಒಂದು ಮಧ್ಯಾಹ್ನ ಅವರ ಹೆಂಡತಿ ರಾಧಾಬಾಯಿ ಊಟದ ಡಬ್ಬಿ ತಂದವರು, ನನ್ನ ಪಕ್ಕ ಕೂತು ಆ ಪುಟವನ್ನೆಲ್ಲ ಓದಿದರು. ಆಮೇಲೆ, "ನನಗೂ ಒಂದು ಬರದು ಕೊಡವಾ, ಇವರಿಗೆ ಹೇಳಬ್ಯಾಡ" ಎಂದು ಕಿವಿಯಲ್ಲಿ ಹೇಳಿದರು. ಅವರು ಹೇಳಿದ್ದನ್ನು ಹಾಗೆಯೇ ಹಾಕಿದೆ:

"ಹಾಲಿಗೆ ಹೆಪ್ಪು ಹಾಕಿದರ ಮುಂಜಾನೆಗಾಗತದ ಮೊಸರು,
ಕಂಪ್ಯೂಟರಿನಾಗ ಬರಸೀನಿ ಬಿಂದುಮಾಧವರಾಯರ ಹೆಸರು."

ಸರ್ ಸಂಜೆ ಅದನ್ನು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. "ಹವಾ ಭಾಳ ಧೂಳದ ಇಂದ" ಎಂದು ಬೇಗ ಮನೆಗೆ ಹೋದರು.

ಎಲ್ಲರದೂ ಆದ ಮೇಲೆ ನನ್ನ ಮೇಲೆ ಬಿದ್ದರು. "ಮೇಡಂ, ನಿಮ್ಮದು?" ನನಗೆ ಗಂಡ ಇಲ್ಲ, ಯಾರ ಹೆಸರು ಹೇಳಲಿ ಎಂದೆ. ಸಾವಂತ್ರವ್ವ, "ಗೆಳತಿ ಇರಬೇಕಲ್ರಿ" ಎಂದು ಬರೆದರು. ನಾನು ಒಂದು ಸಾಲು ಬರೆದೆ, ನಿನ್ನ ಹೆಸರು ಇಟ್ಟೆ, ಮುಂದೆ ಹೋಗಲಾಗಲಿಲ್ಲ. ಮಾಂತು ಈಗಲೂ ಕಾಡುತ್ತಾನೆ, "ಮೇಡಂ, ನಿಮ್ಮ ಪ್ರಬಂಧ ಬಾಕಿ ಅದ, ನಿಮ್ಮ ಹೆಸರು ಕೆಂಪ ಆಗೇದ" ಎಂದು.

ನಿನ್ನ ಹೊಲಿಗೆ ಕ್ಲಾಸಿಗೆ ಹೊಸ ಎರಡು ಮಷೀನು ಬಂದವೆಂದು ಬರೆದಿದ್ದೀ. ಅವು ಹತ್ತಾಗಲಿ. ನಿನ್ನ ಕೈ ತಂಪಿರಲಿ, ನಿನ್ನ ಹುಡುಗಿಯರು ನಿನ್ನ ಮಾತು ಕೇಳಲಿ. ಅವ್ವನ ಮಂಡಿನೋವು ಈ ಮಳೆಗೆ ಹೆಚ್ಚದಿರಲಿ.

ಸದಾ ನಿನ್ನ
ರಂಜನಾ

ತಾ.ಕ.: ಮುಗಿಸಿ ಅಂಟು ಹಚ್ಚಿದ್ದೆ. ಮತ್ತೆ ಬಿಚ್ಚಿದೆ.

ಎಂ.ಎ. ಎರಡನೇ ವರ್ಷ, ಜನವರಿಯಲ್ಲಿ, ನೀನು ಕ್ಲಾಸಿಗೆ ಬರುವುದು ನಿಂತಿತು. ಹದಿನಾಲ್ಕು ದಿನ. ನಾನು ಎಣಿಸಿದ್ದೆ, ಏಕೆಂದರೆ ಬೆಂಚಿನ ಮೇಲೆ ನಿನ್ನ ಜಾಗ ನನ್ನ ಎಡಗೈಗೆ ತಣ್ಣಗೆ ತಾಗುತ್ತಿತ್ತು. ಹಾಸ್ಟೆಲಿನಲ್ಲಿ ನಿನ್ನ ಕೋಣೆ ನನ್ನದಕ್ಕಿಂತ ಆರು ಬಾಗಿಲು ಆಚೆ. ಮೂರು ಸಲ ಅಲ್ಲಿಯವರೆಗೆ ಬಂದೆ. ಒಳಗೆ ದೀಪ ಉರಿಯುತ್ತಿತ್ತು. ಒಂದು ಸಲ ನೀನು ಅಳುವುದು ಕೇಳಿಸಿತು. ಏನೆಂದು ಕೇಳುವುದು, ಕೇಳಿದ್ದಕ್ಕೆ ನೀನು ತಪ್ಪು ತಿಳಿದರೆ, ಯಾರಾದರೂ ಹತ್ತಿರದವರು ಕೇಳಿಯಾರು ಎಂದುಕೊಂಡು ತಿರುಗಿ ಬಂದೆ. ನಿನಗೆ ನನಗಿಂತ ಹತ್ತಿರದವರು ಯಾರೂ ಇರಲಿಲ್ಲ ಎಂದು ಹದಿನೈದನೇ ದಿನ ನಿನ್ನ ಅಪ್ಪ ಟ್ರಂಕು ಹೊರಿಸಿಕೊಂಡು ಹೋದಾಗ ತಿಳಿಯಿತು. ನೀನು ಮೆಟ್ಟಿಲಿಳಿಯುತ್ತ ನನ್ನ ಕಿಟಕಿಯ ಕಡೆ ನೋಡಿದೆ. ನಾನು ಪರದೆ ಎಳೆದೆ. ಮೂರು ವರ್ಷ ಪತ್ರ ಬರೆಯದಿದ್ದದ್ದು ವಿಳಾಸವಿಲ್ಲದೆ ಅಲ್ಲ.

ಗುರುತಿಲ್ಲದ ನಲವತ್ತೊಂದು ಜನರಿಗೆ "ಏಕೆ ಬರಲಿಲ್ಲ, ಏನಾಯಿತು" ಎಂದು ದಿನಾ ಬರೆಯುತ್ತೇನೆ. ನಿನ್ನನ್ನು ಒಂದು ಸಲವೂ ಕೇಳಲಿಲ್ಲ.

ಏನಾಗಿತ್ತು, ಅಪ್ಪಿ?

ಇದಕ್ಕೆ ಕಾರ್ಡಿನ ಮೇಲೆ ಉತ್ತರ ಬರೆಯಬೇಡ. ಮುಂದಿನ ಶನಿವಾರದ ಬೆಳಗಾವಿ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ, ರವಿವಾರ ಬೆಳಿಗ್ಗೆ ಬೈಲಹೊಂಗಲದಲ್ಲಿರುತ್ತೇನೆ. ಬರಬೇಡ ಎಂದು ನೀನು ಬರೆದರೂ ಆ ಕಾರ್ಡು ಪುಣೆಗೆ ಬಂದು ಮುಟ್ಟುವಷ್ಟರಲ್ಲಿ ನಾನು ಹೊರಟಿರುತ್ತೇನೆ.